ಜುಲೈ ನೆರಳಿಗೆ ಜನವರಿ ಜಗಳ

ವಾರಪೂರ್ತಿ ಅಲಾರಾಂ ಇಟ್ಟು ಏಳುವವರಿಗೆ ಶನಿವಾರದ ಬೆಳಗಿನ ನಿದ್ದೆಯ ಬೆಲೆ ಗೊತ್ತಲ್ವಾ? ಇವತ್ತು ಅದಕ್ಕೂ ಕಲ್ಲು ಬಿತ್ತು. ಹೊರಗೆ ರಾತ್ರಿಯಿಡೀ ಸುರಿದ ಹಿಮ. ಗರಾಜ್ ಮುಂದೆ ಸಲಿಕೆ ಹಿಡಿದು ನಿಂತ ಗಂಡ. ಒಳಗೆ ಎರಡೆರಡು ಸ್ವೆಟರ್ ಹಾಕಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತ ನಾನು. ಸ್ಪೀಕರ್ ಫೋನಿನಲ್ಲಿ ಭಾವ. ಚರ್ಚೆ ಏನು ಅಂದರೆ, ಜುಲೈ ತಿಂಗಳ ಮಧ್ಯಾಹ್ನ ನಮಗೆ ನೆರಳು ಸಾಕಾಗುತ್ತೋ ಇಲ್ಲವೋ ಅಂತ.

ಮಿಷಿಗನ್‌ನಲ್ಲಿ ಇರುವವರಿಗೆ ಈ ಪಾಡು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿನ ಸ್ಟೇಟ್ ಪಾರ್ಕಿನಲ್ಲಿ ಕ್ಯಾಂಪ್ ಮಾಡಬೇಕಾದರೆ, ಹೋಗಿ ಇಳಿಯುವ ದಿನಕ್ಕೆ ಸರಿಯಾಗಿ ಆರು ತಿಂಗಳು ಮೊದಲು ಬೆಳಿಗ್ಗೆ 8 ಗಂಟೆಗೆ ಬುಕಿಂಗ್ ಶುರು. ಜುಲೈ ಶುಕ್ರವಾರಕ್ಕೆ ಲೆಕ್ಕ ಹಾಕಿದರೆ ಜನವರಿ ಶನಿವಾರ ಬರುತ್ತದೆ. ಲಡಿಂಗ್‌ಟನ್‌ನಂಥ ಪಾರ್ಕ್ ಆದರೆ, ಸ್ವಲ್ಪ ತಡವಾಗಿ ಬಂದವರಿಗೆ ನಕ್ಷೆ ನೋಡುವ ಭಾಗ್ಯ ಮಾತ್ರ. ಕೆಲವರು ಇನ್ನೂ ಜಾಣರು. ಶುಕ್ರವಾರದ ಬುಕಿಂಗ್ ತೆರೆಯುವ ತನಕ ಕಾಯೋದೇ ಇಲ್ಲ. ಸೋಮವಾರದಿಂದ ಭಾನುವಾರದವರೆಗೆ ಒಟ್ಟಿಗೆ ಮೊದಲೇ ಹಿಡಿದು ಬಿಡುತ್ತಾರೆ. ನಾವಿನ್ನೂ ಬಾಗಿಲು ತೆರೆಯಲಿ ಅಂತ ಕಾಯುತ್ತಿರುತ್ತೇವೆ, ಅವರು ಆಗಲೇ ಒಳಗೆ ಕಾಲು ಚಾಚಿ ಕೂತಿರುತ್ತಾರೆ. ಇವರಿಗೆಲ್ಲ ಅಷ್ಟು ರಜೆ ಯಾರು ಕೊಡ್ತಾರೋ!

ಜನ ಮುಗಿಬೀಳೋದರಲ್ಲಿ ತಪ್ಪೇನಿಲ್ಲ ಬಿಡಿ. ಒಂದು ಕಡೆ ಮಿಷಿಗನ್ ಲೇಕ್, ಇನ್ನೊಂದು ಕಡೆ ಹ್ಯಾಮ್ಲಿನ್ ಲೇಕ್, ಎರಡನ್ನೂ ಸೇರಿಸುವ ಸೇಬಲ್ ನದಿ, ಸುತ್ತ ಮರಳಿನ ದಿಬ್ಬಗಳು. 1867ರಲ್ಲಿ ಕಟ್ಟಿದ ಲೈಟ್‌ಹೌಸ್ ಒಂದಿದೆ, 112 ಅಡಿ ಎತ್ತರ. ಅದನ್ನು ನೋಡಬೇಕಾದರೆ ಹತ್ತಿರ ಹತ್ತಿರ ಎರಡು ಮೈಲಿ ನಡೆಯಬೇಕು. ನಡೆದು ಹೋಗಿ ಬಂದ ಮೇಲೆ ಮಕ್ಕಳು ತುಟಿ ಪಿಟಕ್ಕೆನ್ನದೆ ಮಲಗುತ್ತವೆ. ನನ್ನ ಮಟ್ಟಿಗೆ ಲೈಟ್‌ಹೌಸಿನ ದೊಡ್ಡ ಉಪಯೋಗ ಇದೇ.

ಈಗ ಭಾವನ ವಿಷಯಕ್ಕೆ ಬರೋಣ. ಅಕ್ಕನ ಗಂಡ. ಬಂಗಾರದಂಥ ಮನುಷ್ಯ, ಕಷ್ಟ ಅಂದರೆ ಮಧ್ಯರಾತ್ರಿ ಓಡಿ ಬರುತ್ತಾರೆ. ಆದರೆ ಯಾವುದನ್ನೇ ಆಗಲಿ, ಇನ್ನೊಂದರ ಜೊತೆ ಹೋಲಿಸಿ ನೋಡದೆ ಅವರ ಕೈ ಮುಂದಕ್ಕೆ ಹೋಗೋದಿಲ್ಲ. ಟೂತ್‌ಪೇಸ್ಟಿಗೂ ಎಕ್ಸೆಲ್ ಶೀಟ್ ಬೇಕು. ಕ್ಯಾಂಪಿನಲ್ಲಿ ಎರಡು ರಾತ್ರಿ ಆರ್‌ವಿ, ಅಂದರೆ ಒಳಗೇ ಅಡುಗೆ, ನಿದ್ದೆ, ಟಾಯ್ಲೆಟ್ ಎಲ್ಲ ಇರುವ ಮನೆಯಂಥ ಗಾಡಿ, ನಿಲ್ಲಿಸುವ ಜಾಗವನ್ನು ಅವರು ಬನಶಂಕರಿಯಲ್ಲಿ 30-40 ಸೈಟ್ ಕೊಳ್ಳುವವರ ಹಾಗೆ ನೋಡುತ್ತಾರೆ. ಕಾರ್ನರ್ ಆದರೆ ಒಳ್ಳೇದು, ಪೂರ್ವ ದಿಕ್ಕಾದರೆ ಇನ್ನೂ ಒಳ್ಳೇದು, ಅಕ್ಕಪಕ್ಕ ಯಾರು ಬರ್ತಾರೆ, ಮಳೆ ಬಂದರೆ ನೀರು ನಿಲ್ಲುತ್ತಾ. ಪತ್ರ ಒಂದು ಕೇಳಿಲ್ಲ ಅಷ್ಟೇ.

ಇವತ್ತು ಎಂಟಕ್ಕೆ ಎರಡು ನಿಮಿಷ ಇರುವಾಗ ಶುರುವಾಯಿತು. ಪೈನ್ಸ್, ಬೀಚ್‌ವುಡ್ ಅಂದರೆ ಲಡಿಂಗ್‌ಟನ್ ಪಾರ್ಕಿನೊಳಗಿನ ಕ್ಯಾಂಪ್‌ಗ್ರೌಂಡ್‌ಗಳು.

“ಪೈನ್ಸ್ ಬೇಡಮ್ಮ, ಅಲ್ಲಿ ಬಿಸಿಲು ಜಾಸ್ತಿ.”

“ಸರಿ ಭಾವ, ಬೀಚ್‌ವುಡ್ ನೋಡ್ತೀನಿ.”

“ಬೀಚ್‌ವುಡ್ ಹ್ಯಾಮ್ಲಿನ್ ಕಡೆ ಆಯ್ತಲ್ಲ. ದೊಡ್ಡ ಲೇಕಿಗೆ ದೂರ. ಅತ್ತೆ ಮಂಡಿ ನೋವು ಅಂತಿದ್ರು.”

“ಹಾಗಾದ್ರೆ ಪೈನ್ಸ್.”

“ಪೈನ್ಸಲ್ಲಿ ಬಿಸಿಲು ಅಂದೆನಲ್ಲ.”

ಎಂಟು ಹೊಡೆಯಿತು. ಬೀಚ್‌ವುಡ್‌ನಲ್ಲಿ ಒಂದು ಸೈಟ್ ಖಾಲಿ ಅಂತ ತೋರಿಸಿತು. ಬೆರಳು ಮೌಸ್ ಮೇಲೇ ಇತ್ತು. “ಸಿಕ್ತು ಭಾವ, ಒತ್ತಲಾ?”

“ಒಂದ್ನಿಮಿಷ. ಬಾಗಿಲು ಯಾವ ಕಡೆ ಬರುತ್ತೆ?”

“ಯಾವ ಬಾಗಿಲು?”

“ಆರ್‌ವಿ ಬಾಗಿಲಮ್ಮ. ಎದ್ದ ಕೂಡಲೇ ಟಾಯ್ಲೆಟ್ ಬಿಲ್ಡಿಂಗ್ ನೋಡೋ ಹಾಗಿರಬಾರದು. ಫೋಟೋ ತೆಗಿ, ಸ್ಯಾಟಲೈಟ್ ಮ್ಯಾಪಲ್ಲೂ ಒಂದ್ಸಲ ನೋಡಿಬಿಡೋಣ.”

ಫೋಟೋ ತೆರೆಯುವಷ್ಟರಲ್ಲಿ ಯಾರೋ ಪುಣ್ಯಾತ್ಮರು, ಬಾಗಿಲಿನ ದಿಕ್ಕು ಕೇಳದವರು, ಅದನ್ನು ಎತ್ತಿಕೊಂಡು ಹೋದರು.

“ಹೋಯ್ತು ಭಾವ.”

“ಹೋಯ್ತಾ? ಹೋಗ್ಲಿ ಬಿಡು. ನನಗೆ ಅದು ಅಷ್ಟೇನೂ ಹಿಡಿಸಿರಲಿಲ್ಲ.”

ಗಂಡ ಸಲಿಕೆ ಒರಗಿಸಿ ಒಳಗೆ ಬಂದು “ಆಯ್ತಾ?” ಅಂದರು. ನಾನು ಉತ್ತರ ಕೊಡಲಿಲ್ಲ. ಅವರು ಮತ್ತೆ ಹಿಮ ತೆಗೆಯಲು ಹೋದರು. ಬುದ್ಧಿವಂತರು.

ಟೆಂಟ್ ಆಗಿದ್ದರೆ ಹೇಗೋ ಎಲ್ಲೋ ಒಂದು ಕಡೆ ಜಾಗ ಸಿಗುತ್ತಿತ್ತು. ಅಮ್ಮನ ಮಂಡಿಗೆ ಟೆಂಟ್ ಆಗಿಬರಲ್ಲ ಅಂತ ಬಾಡಿಗೆಗೆ ಆರ್‌ವಿ. 28 ಅಡಿ ಗಾಡಿ ಹಿಡಿಯುವ ಸೈಟ್ ಬೇಕು, ಕರೆಂಟೂ ಬೇಕು. ಕರೆಂಟ್ ಅಂದರೆ 30 ಆಂಪ್. 120 ವೋಲ್ಟಿಗೆ 3600 ವಾಟ್, ಅದಕ್ಕಿಂತ ಒಂದು ಚೂರೂ ಜಾಸ್ತಿ ಎಳೆಯುವಂತಿಲ್ಲ. ಎಸಿ ಓಡುತ್ತಿರುವಾಗ ಇಂಡಕ್ಷನ್ ಮೇಲೆ ಸಾರು ಇಟ್ಟು, ಪಕ್ಕದಲ್ಲಿ ಮೈಕ್ರೋವೇವ್ ಒತ್ತಿದರೆ ಠಪ್ ಅಂತ ಇಡೀ ಗಾಡಿ ಕತ್ತಲೆ. ಈ ಲೆಕ್ಕ ಭಾವನ ಶೀಟಿನಲ್ಲಿ ಸ್ಪಷ್ಟವಾಗಿದೆ. ಅಕ್ಕ ಶೀಟ್ ನೋಡಲ್ಲ.

ಅದೇ ಶೀಟಿನಲ್ಲಿ ‘ಯಾರು’ ಅಂತ ಒಂದು ಕಾಲಂ ಇದೆ. ಕೊತ್ತಂಬರಿ ಸೊಪ್ಪಿನ ಮುಂದೆ ನನ್ನ ಹೆಸರು. ಉಪ್ಪಿನಕಾಯಿ, ಸೊಳ್ಳೆ ಸ್ಪ್ರೇ, ಇಸ್ಪೀಟು, ಒಂದೊಂದಕ್ಕೂ ಒಬ್ಬೊಬ್ಬರು. ‘ಬ್ಲ್ಯಾಕ್ ಟ್ಯಾಂಕ್ ಖಾಲಿ ಮಾಡುವುದು’, ಅಂದರೆ ಗಾಡಿಯ ಟಾಯ್ಲೆಟ್ ಹೊಲಸು ತುಂಬಿದ ಟ್ಯಾಂಕ್, ಅನ್ನೋದರ ಮುಂದೆ ಮಾತ್ರ ಏನೂ ಇಲ್ಲ. ಕಳೆದ ವರ್ಷವೂ ಇರಲಿಲ್ಲ. ಹೊರಡುವ ದಿನ ಡಂಪ್ ಸ್ಟೇಷನ್ ಹತ್ತಿರ ಗಾಡಿ ನಿಲ್ಲುತ್ತಿದ್ದಂತೆ ಭಾವನಿಗೆ ಅರ್ಜೆಂಟ್ ಆಫೀಸ್ ಕಾಲ್ ಬಂತು. ಭಾನುವಾರ! ನನ್ನ ಗಂಡ ಗ್ಲೌಸ್ ಹಾಕಿಕೊಂಡು, ಉಸಿರು ಬಿಗಿಹಿಡಿದು ಪೈಪ್ ಸಿಕ್ಕಿಸುತ್ತಿದ್ದರೆ, ಭಾವ ಗಾಳಿ ಬೀಸುವ ದಿಕ್ಕು ನೋಡಿಕೊಂಡು ದೂರ ನಿಂತು, ಫೋನ್ ಕಿವಿಯಿಂದ ತೆಗೆಯದೇ ಕೈಸನ್ನೆ ಮಾಡುತ್ತಿದ್ದರು. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಸರಿಯೇ ಹೇಳಿದ್ದು. ಪಾತ್ರೆ ತೊಳೆದ ನೀರು ಕೊನೆಗೆ ಬಂದರೆ ಪೈಪೂ ತೊಳೆದ ಹಾಗಾಗುತ್ತದೆ. ಸರಿಯಾಗಿದ್ದದ್ದಕ್ಕೇ ನನ್ನ ಗಂಡನಿಗೆ ಸಿಟ್ಟು ಜಾಸ್ತಿ ಬಂದಿದ್ದು.

ಇನ್ನು ಸೌದೆ. ಮನೆಯಲ್ಲಿ ರಾಶಿ ಇದ್ದರೂ ಒಯ್ಯಬೇಡಿ, ಅಲ್ಲೇ ಕೊಳ್ಳಿ ಅನ್ನುತ್ತಾರೆ. 2002ರಲ್ಲಿ ಡೆಟ್ರಾಯಿಟ್ ಹತ್ತಿರ ಪತ್ತೆಯಾದ ಎಮರಾಲ್ಡ್ ಆಶ್ ಬೋರರ್ ಅನ್ನೋ ಹುಳ, ಸೌದೆಯೊಳಗೇ ಕೂತು ಊರೂರು ಸುತ್ತಿ ಆಶ್ ಮರಗಳನ್ನೆಲ್ಲ ಮುಗಿಸಿದೆ. ಅದಕ್ಕೆ ಯಾವ ಬುಕಿಂಗೂ ಬೇಕಾಗಿರಲಿಲ್ಲ, ನೋಡಿ. ರಾತ್ರಿ 10ರಿಂದ ಬೆಳಿಗ್ಗೆ 8ರ ತನಕ ಗಲಾಟೆ ಮಾಡುವಂತಿಲ್ಲ. ಅಂತ್ಯಾಕ್ಷರಿಯೇನೋ ನಿಲ್ಲಿಸಬಹುದು. ಆರೂವರೆಗೆ ಕೂಗಿದ ಕುಕ್ಕರ್ ಬಾಯಿ ಮುಚ್ಚಿಸೋದು ಹೇಗೆ?

ಇಷ್ಟೆಲ್ಲ ಒದ್ದಾಟ ಅಮ್ಮನಿಗಾಗಿ. ಅವರನ್ನು ಇಲ್ಲಿ ಇರಲು ಬಿಡೋದೂ ಸಾಮಾನ್ಯವಾಗಿ ಆರು ತಿಂಗಳು. ಕಳೆದ ವರ್ಷ ಮೊದಲ ಸಲ ಮಿಷಿಗನ್ ಲೇಕ್ ತೋರಿಸಿದ್ದೆವು. ಹೊನ್ನಾವರದವರು, ಹುಟ್ಟಿದಾಗಿನಿಂದ ಸಮುದ್ರ ನೋಡಿದವರು. ಆಚೆ ದಡ ಕಾಣದ ನೀರು, ಅಲೆ, ಮರಳು, ಎಲ್ಲ ನೋಡಿ “ಇದೇನು ಕೆರೆ ಅಂತೀರಿ?” ಅಂತ ನಕ್ಕರು. ಸೀರೆ ಎತ್ತಿ ಹಿಡಿದು ಪಾದ ಮುಳುಗುವಷ್ಟು ಇಳಿದು, ಬೊಗಸೆಯಲ್ಲಿ ನೀರು ತೆಗೆದು ನಾಲಿಗೆ ತುದಿಗೆ ಮುಟ್ಟಿಸಿದರು. “ಅಯ್ಯೋ, ಸಪ್ಪೆ!” ಮತ್ತೊಂದು ಸಲ ಮುಟ್ಟಿಸಿ ನೋಡಿದರು. ಆಮೇಲೆ, “ನಿಮ್ಮಪ್ಪ ಇದ್ದಿದ್ರೆ ಒಂದು ಬಾಟ್ಲಿ ತುಂಬ್ಕೊಂಡು ಹೋಗಿ ಊರವರಿಗೆಲ್ಲ ಕುಡಿಸ್ತಿದ್ರು” ಅಂದರು. ಅಪ್ಪ ಖಂಡಿತ ಹಾಗೇ ಮಾಡುತ್ತಿದ್ದರು. ಕುಡಿಯದವರ ಜೊತೆ ಮಾತು ಬಿಡುತ್ತಿದ್ದರು ಕೂಡ. ಭಾವ ಅವತ್ತು ಶೀಟಿನ ಸುದ್ದಿಯೇ ಎತ್ತದೆ, ಅಮ್ಮ ಸಾಕು ಅನ್ನುವ ತನಕ ಕೈ ಹಿಡಿದು ನೀರಿನಲ್ಲಿ ನಿಂತಿದ್ದರು. ಅದಕ್ಕೇ ಇವತ್ತು ಫೋನ್ ಕುಕ್ಕಲಿಲ್ಲ.

ಕೊನೆಗೆ ಸಿಕ್ಕಿದ್ದು ಬೇರೆ ಯಾವುದೋ ಪಾರ್ಕ್. ಸಣ್ಣ ಲೇಕ್, ಆಚೆ ದಡದವರ ಬನಿಯನ್ ಬಣ್ಣ ಕಾಣುವಷ್ಟು ಸಣ್ಣದು. ಮರ ಒಂದೂ ಇಲ್ಲ. ಬಾಗಿಲು ತೆರೆದರೆ ಟಾಯ್ಲೆಟ್ ಬಿಲ್ಡಿಂಗ್. ಯಾರಾದರೂ ಕ್ಯಾನ್ಸಲ್ ಮಾಡಿದರೆ ಲಡಿಂಗ್‌ಟನ್‌ನಲ್ಲೇ ಸಿಗಬಹುದು, ದಿನಾ ನೋಡುತ್ತಿರು ಅಂತ ಭಾವ ಹೇಳಿದ್ದಾರೆ. ‘ಯಾರು’ ಕಾಲಂನಲ್ಲಿ ನನ್ನ ಹೆಸರು ಆಗಲೇ ಬಿದ್ದಿದೆ.

ಸುದ್ದಿ ಹೇಳೋಣ ಅಂತ ಅಮ್ಮನಿಗೆ ಫೋನ್ ಮಾಡಿದೆ. “ಜುಲೈಗೆ ಜಾಗ ಆಯ್ತಾ? ಒಳ್ಳೇದಾಯ್ತು. ನನ್ನ ಟಿಕೆಟ್?” ಅಂದರು.

“ಅದು ಭಾವ ನೋಡ್ತಿದ್ದಾರೆ.”

ಅಮ್ಮ ಸ್ವಲ್ಪ ಯೋಚಿಸಿದರು. “ಹಾಗಾದ್ರೆ ಈ ವರ್ಷದ ಹಲಸಿನ ಹಪ್ಪಳ ಮುಗಿಸಿಯೇ ಬರಬಹುದು” ಅಂದರು.