ಬರೀ ಡಬ್ಬಿ, ಡಬ್ಬಿ

ಒಂದು ಪುಟ್ಟ ತಂತ್ರಾಂಶ ಮಾಡಿದ್ದೆ. ಹೆಸರು ಟೈಪಿಸಿದರೆ ಚೆಂದದ ಅಕ್ಷರದಲ್ಲಿ ಪ್ರಮಾಣಪತ್ರ ಬರಬೇಕು, ಅಷ್ಟೇ. ನನ್ನ ಕಂಪ್ಯೂಟರಿನಲ್ಲಿ ಎಷ್ಟು ಚೆನ್ನಾಗಿ ಓಡಿತು ಅಂದರೆ, ಖುಷಿಗೆ ನನಗೆ ನಾನೇ ಮೂರು ಪ್ರಮಾಣಪತ್ರ ಕೊಟ್ಟುಕೊಂಡೆ. ಗೆಳೆಯನಿಗೂ ಕಳಿಸಿದೆ. ಐದೇ ನಿಮಿಷಕ್ಕೆ ಫೋನು.

"ಏನೋ ಇದು, ಬರೀ ಡಬ್ಬಿ ಡಬ್ಬಿ ಕಾಣ್ತಿದೆ?"

ಅವನು ಆಗಷ್ಟೇ ವಿಂಡೋಸ್ ಬದಲು ಲಿನಕ್ಸ್ ಅನ್ನೋ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಂಡಿದ್ದ, ಅದರಲ್ಲಿ ಕನ್ನಡ ಫಾಂಟೇ (ಅಕ್ಷರಗಳ ಆಕಾರ ತುಂಬಿರುವ ಫೈಲು) ಇರಲಿಲ್ಲ, ಅದಕ್ಕೇ ಡಬ್ಬಿ. "ಒಂದು ಹಾಕ್ಕೊಳ್ಳೋ" ಅಂದೆ. "ನಿನ್ನ ತಂತ್ರಾಂಶಕ್ಕೆ ನಾನ್ಯಾಕೆ ಫಾಂಟ್ ಹುಡುಕ್ಕೊಂಡು ಅಲೀಲಿ?" ಅಂದ. ನ್ಯಾಯವೇ, ಅಲ್ವಾ?

ಸರಿ, ಫಾಂಟನ್ನು ಒಳಗೇ ತುರುಕೋಣ ಅಂತ ಹೊರಟೆ. ನಾನು ಬಳಸಿದ್ದ ಫಾಂಟಿನ ಲೈಸೆನ್ಸ್ ಓದಿದರೆ (ಲೈಸೆನ್ಸ್ ಅನ್ನೋದನ್ನ ಓದಿದ್ದು ಜನ್ಮದಲ್ಲಿ ಅದೇ ಮೊದಲು) ಹಾಗೆಲ್ಲ ಹಂಚುವಂತಿಲ್ಲ ಅಂತಿತ್ತು. ಅದಕ್ಕೇ ನೋಟೋ ಸಾನ್ಸ್ ಕನ್ನಡ ಅನ್ನೋ ಫಾಂಟ್ ಹಾಕಿದೆ. ಅದರದು ಓಪನ್ ಫಾಂಟ್ ಲೈಸೆನ್ಸ್. ತಂತ್ರಾಂಶದ ಜೊತೆ ಕೊಡಬಹುದು, ಫಾಂಟನ್ನಷ್ಟೇ ಮಾರುವಂತಿಲ್ಲ.

ಮತ್ತೆ ಫೋನು. "ಡಬ್ಬಿ ಹೋಯ್ತು ಕಣೋ. ಆದ್ರೆ 'ಸ್ತ್ರೀ' ಹೋಗಿ 'ಸ್‌ತ್‌ರೀ' ಆಗಿದೆ."

ಕಂಪ್ಯೂಟರಿಗೆ ಅಂತ ಲಿಪಿಗಳ ಒಂದೊಂದು ಚಿಹ್ನೆಗೂ ನಂಬರ್ ಹಾಕಿದ ಮನೆ ಕೊಡುವ ಪಟ್ಟಿ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಕೊಟ್ಟಿರುವುದು 128 ಮನೆ. ಒತ್ತಕ್ಷರಗಳಿಗೆ ಅದರಲ್ಲಿ ಬೇರೆ ಮನೆಯಿಲ್ಲ. ನಮಗೆ ಒಂದೇ ಅಕ್ಷರವಾಗಿ ಕಾಣುವ 'ಸ್ತ್ರೀ' ಕಂಪ್ಯೂಟರಿಗೆ ಆರು ತುಣುಕು: ಸ, ಒಂದು ಹಲಂತ (ಸ್ವರ ತೆಗೆಯುವ ಚಿಹ್ನೆ), ತ, ಇನ್ನೊಂದು ಹಲಂತ, ರ, ಕೊನೆಗೆ 'ಈ'ಕಾರದ ಚಿಹ್ನೆ. ಒತ್ತುಗಳ ಆಕಾರವೇನೋ ಫಾಂಟಿನೊಳಗೇ ಇರುತ್ತದೆ, ಆದರೆ ಯಾವುದರ ಕೆಳಗೆ ಯಾವುದು ಅಂತ ನೋಡಿ ಜೋಡಿಸೋಕೆ ಹಾರ್ಫ್‌ಬಜ್ ಥರದ್ದೊಂದು ಲೈಬ್ರರಿ (ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಬೇಕು. ನನ್ನ ಕಂಪ್ಯೂಟರಿನಲ್ಲಿ ಅದು ಯಾವಾಗಲೋ ಬಂದು ಕೂತಿತ್ತು, ನನಗೇ ಗೊತ್ತಿರಲಿಲ್ಲ. ಬಟ್ಟೆ ಕಳಿಸಿ ದರ್ಜಿಯನ್ನು ಇಲ್ಲೇ ಬಿಟ್ಟುಕೊಂಡಿದ್ದೆ!

ಈ ಸಲ ಹೆದರಿಕೆಗೆ ಕಣ್ಣಿಗೆ ಕಂಡ ಲೈಬ್ರರಿಯನ್ನೆಲ್ಲ ತುಂಬಿದೆ. ಫಾಂಟ್ ಒಳಗಿಡೋಕೆ ನನ್ನ ತಕರಾರಿಲ್ಲ, ಕನ್ನಡದ್ದು ಒಂದು ಫೋಟೋಗಿಂತ ಚಿಕ್ಕದು. ಲೈಬ್ರರಿಗಳ ಕಥೆ ಬೇರೆ. ನಾಳೆ ಅದರಲ್ಲೊಂದು ಭದ್ರತೆಯ ತೂತು ಸಿಕ್ಕರೆ ಸಿಸ್ಟಮ್‌ನಲ್ಲಿರೋದು ಅಪ್‌ಡೇಟ್ ಆಗುತ್ತದೆ, ನನ್ನ ತಂತ್ರಾಂಶದ ಹೊಟ್ಟೆಯೊಳಗಿರೋದು ಹಾಗೇ ಕೊಳೀತಾ ಇರುತ್ತೆ. ಆದರೆ ಮೂರನೇ ಫೋನ್ ಬರುತ್ತೆ ಅನ್ನೋ ಭಯದ ಮುಂದೆ ಇದೆಲ್ಲ ಯಾರಿಗೆ ನೆನಪಾಗುತ್ತೆ?

ಕಳಿಸೋಕೆ ಹೋದರೆ ಇಮೇಲ್ ತಗೊಳ್ಳಲಿಲ್ಲ, ಫೈಲ್ ಜಾಸ್ತಿ ದೊಡ್ಡದಾಯ್ತಂತೆ.

ಸಾಕಾಗಿ, ಅವನ ಹೆಸರನ್ನು ನಾನೇ ಟೈಪಿಸಿ, ಬಂದ ಪ್ರಮಾಣಪತ್ರದ ಚಿತ್ರ ತೆಗೆದು ಕಳಿಸಿದೆ.

"ಈಗ ಸರಿಯಾಯ್ತು ನೋಡು" ಅಂದ. "ಮೊದಲೇ ಹೀಗೆ ಮಾಡೋಕೇನಾಗಿತ್ತು?"