ಗದಗಿನ್ಯಾಗ ಸಮುದ್ರ ಎಲ್ಲೈತಿ?

ನಿನ್ನೆ ಗದಗಿನ ಒಂದು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಹೋಗಿದ್ದೆ. ಅಲ್ಲಿ ನೋಡಿದ್ದು ಇನ್ನೂ ಎದೆಯಿಂದ ಇಳಿದಿಲ್ಲ.

ಎಂಟನೇತ್ತೆ ಹುಡುಗಿ. ಗಾಜಿನ ಲೋಟದ ನೀರಿನಲ್ಲಿ ಒಂದು ತತ್ತಿ. ಬುಡದ ಚಿಪ್ಪನ್ನು ವಿನೆಗರ್‌ನಲ್ಲಿ ಕರಗಿಸಿ, ಒಳಗಿನ ತೆಳು ಪೊರೆ ಹರಿಯದಂಗ ಉಳಿಸಿಕೊಂಡಿದ್ದಳು. ನೆತ್ತಿಗೆ ತೂತು ಮಾಡಿ ಸ್ಟ್ರಾ ನಿಲ್ಲಿಸಿ, ಸುತ್ತ ಮೇಣ ಮೆತ್ತಿದ್ದಳು. ನೀರು ಪೊರೆ ದಾಟಿ ಒಳಹೊಕ್ಕಂತೆಲ್ಲ ಲೋಳೆ ಸ್ಟ್ರಾದಲ್ಲಿ ಮೇಲೇರುತ್ತಿತ್ತು. ಸ್ಟ್ರಾ ಮೇಲೆ ಸ್ಕೆಚ್ ಪೆನ್ನಿನ ಗೆರೆಗಳು: 9 ಗಂಟೆ, 10 ಗಂಟೆ, 11 ಗಂಟೆ. ಹಿಂದಿನ ರಟ್ಟಿನ ಮೇಲೆ ‘ನದಿ ಸಮುದ್ರ ಸೇರುವಲ್ಲಿ ಕರೆಂಟ್’.

ನಿರ್ಣಾಯಕರು ಬಂದರು, ರಟ್ಟು ಓದಿದರು. “ಏನವ್ವಾ, ಗದಗಿನ್ಯಾಗ ಸಮುದ್ರ ಎಲ್ಲೈತಿ? ನಮ್ಮ ಭಾಗಕ್ಕ ಉಪಯೋಗ ಆಗೋದು ಏನಾರ ಮಾಡಬೇಕಿತ್ತು.” ಸ್ಟ್ರಾ ಕಡೆ ಕಣ್ಣೂ ಹಾಯಿಸದೆ ಮುಂದೆ ನಡೆದರು. ಬಹುಮಾನ ಹೋಗಿದ್ದು ಗಾಳಿ ವಿದ್ಯುತ್ ಮಾದರಿಗೆ.

ಅದನ್ನು ಮಾಡಿದ ಹುಡುಗನ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಕಪ್ಪತಗುಡ್ಡದ ಮೇಲೆ ಸಾಲಾಗಿ ತಿರುಗುವ ಆ ರೆಕ್ಕೆಗಳೇನು ಗದಗಿನಲ್ಲಿ ಹುಟ್ಟಿದವೇ? ಬೇರೆಲ್ಲೋ ಯಾರೋ ಕೂತು ತಲೆ ಕೆಡಿಸಿಕೊಂಡಿದ್ದಕ್ಕೆ ಇವತ್ತು ನಮ್ಮ ಗುಡ್ಡದ ಮೇಲೆ ನಿಂತಿವೆ.

ನನ್ನ ಹೊಟ್ಟೆಪಾಡು ನಿಮಗೆ ಗೊತ್ತೇ ಇದೆ. ಮುಂಡರಗಿ, ರೋಣ ಕಡೆ ಹಳ್ಳಿಗಳ ಕುಡಿಯುವ ನೀರಿನ ಘಟಕಗಳಲ್ಲಿ ಮೆಂಬ್ರೇನ್, ಅಂದರೆ ನೀರು ಸೋಸುವ ಪೊರೆ, ಬದಲಿಸೋದು. ಸವಳು ನೀರನ್ನು ಮೋಟರ್ ಹಚ್ಚಿ ದಬ್ಬಿದರೆ ಉಪ್ಪು, ಫ್ಲೋರೈಡ್ ಈಚೆ ಉಳಿದು ಸಿಹಿ ನೀರು ಆಚೆ ಹೋಗುತ್ತದೆ. ಅದಕ್ಕೆ ಕರೆಂಟ್ ಖರ್ಚು. ಹುಡುಗಿ ತೋರಿಸಿದ್ದು ಇದರ ತಿರುಗಾಮುರುಗಾ. ಪೊರೆಯ ಆಚೀಚೆ ಸಿಹಿ ನೀರು, ಉಪ್ಪು ನೀರು ಇಟ್ಟರೆ ಸಿಹಿ ನೀರು ಯಾರೂ ದಬ್ಬದೆ ಉಪ್ಪಿನ ಕಡೆ ನುಗ್ಗುತ್ತದೆ, ಅಲ್ಲಿ ಒತ್ತಡ ಏರುತ್ತದೆ, ಆ ಒತ್ತಡಕ್ಕೆ ಟರ್ಬೈನ್ ತಿರುಗುತ್ತದೆ. ನದಿ ನೀರಿಗೂ ಸಮುದ್ರದ ನೀರಿಗೂ ನಡುವೆ ಈ ಒತ್ತಡ, ಲೆಕ್ಕದ ಪ್ರಕಾರ, ಸುಮಾರು 26 ಬಾರ್. ಜೋಗದ ಎತ್ತರ 253 ಮೀಟರ್. ಅದಕ್ಕೂ ತುಸು ಮೇಲಿನಿಂದ ನೀರು ಧುಮುಕಿದಷ್ಟು. ತತ್ತಿಯೊಳಗೆ ನಡೆದದ್ದೂ ಇದೇ ಜಾತಿಯ ಕೆಲಸ.

ನಾರ್ವೆಯವರು 2009ರಲ್ಲಿ ತೋಫ್ಟೆಯಲ್ಲಿ ಇಂಥ ಘಟಕ ಮಾಡಿ, ಖರ್ಚು ಗಿಟ್ಟದೆ 2013ರಲ್ಲಿ ಕೈಬಿಟ್ಟರು ಅಂತ ಯಾರಾದರೂ ಹೇಳಬಹುದು. ಹೌದು. ಮೆಂಬ್ರೇನ್ ತುಟ್ಟಿ, ಕೆಸರು ಕಟ್ಟುತ್ತದೆ, ಒಂದು ಚದರ ಮೀಟರಿಗೆ ಸಿಗೋದು ಕೆಲವೇ ವ್ಯಾಟ್. ಕೆಸರು ಕಟ್ಟಿದ ಮೆಂಬ್ರೇನ್ ತೊಳೆದು ತೊಳೆದು ನನ್ನ ಬೆರಳು ಸುಲಿದಿವೆ, ಆ ಕಷ್ಟ ನನಗೆ ಬೇರೆಯವರು ಹೇಳಬೇಕಿಲ್ಲ. ಆದರೆ ಅವರು ಬಿಟ್ಟರು ಅಂತ ಕೆಲಸ ನಿಲ್ಲಲಿಲ್ಲ. 2025ರ ಆಗಸ್ಟ್‌ನಲ್ಲಿ ಜಪಾನಿನ ಫುಕುವೋಕಾದಲ್ಲಿ ಘಟಕ ಶುರುವಾಯಿತು. ಸಮುದ್ರದ ನೀರು ಸಿಹಿ ಮಾಡಿದ ಮೇಲೆ ಉಳಿಯುವ ಗಟ್ಟಿ ಉಪ್ಪು ನೀರು ಒಂದು ಕಡೆ, ಶುದ್ಧ ಮಾಡಿದ ಚರಂಡಿ ನೀರು ಇನ್ನೊಂದು ಕಡೆ. ವರ್ಷಕ್ಕೆ ಸುಮಾರು 8.8 ಲಕ್ಷ ಯೂನಿಟ್, 220 ಮನೆಗಳಿಗಾಗುವಷ್ಟು. ಎರಡೂ ಚೆಲ್ಲುವ ನೀರು! ನಮ್ಮ ಘಟಕಗಳಿಂದ ಗಟಾರಕ್ಕೆ ಬಿಡುವ ನೀರಿನಲ್ಲಿ ಅಷ್ಟು ಉಪ್ಪಿಲ್ಲ, ಅದರಿಂದ ಕರೆಂಟ್ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಪೊರೆ ನಮ್ಮ ಹಳ್ಳಿಹಳ್ಳಿಯಲ್ಲಿದೆ.

ಸಮುದ್ರವೂ ಅಷ್ಟು ದೂರದ್ದಲ್ಲ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ ಬೇಡ್ತಿಯಾಗಿ, ಗಂಗಾವಳಿಯಾಗಿ ಅರಬ್ಬೀ ಸಮುದ್ರವನ್ನೇ ಸೇರುತ್ತದೆ.

ಇದನ್ನೆಲ್ಲ ಅಲ್ಲೇ, ಆ ನಿರ್ಣಾಯಕರ ಮುಂದೆಯೇ ಹೇಳಬೇಕಿತ್ತು. ಹೇಳಲಿಲ್ಲ. ಕಲಿತವರ ಮುಂದೆ ನಾನ್ಯಾಕೆ ಬಾಯಿ ಹಾಕಲಿ ಅಂತ ಗೋಡೆಗೆ ಆತು ನಿಂತೆ. ಹುಡುಗಿ ರಟ್ಟು ಮಡಚಿಟ್ಟಳು. ಆಮೇಲೆ ಹೋಗಿ ಮಾತಾಡಿಸಿದೆ. “ತತ್ತಿ ಎಷ್ಟು ಒಡದುವವಾ?” ಅಂದೆ. “ಏಳು ಒಡದ್ವು ರೀ ಕಾಕಾ, ಎಂಟನೇದು ನಿಂತ್ತು,” ಅಂದಳು. ಆಗಲೂ ಅವಳ ಕಣ್ಣು ಸ್ಟ್ರಾ ಮೇಲೇ ಇತ್ತು.

ನಾಳೆ ಮುಂಡರಗಿ ಕಡೆ ಒಂದು ಮೆಂಬ್ರೇನ್ ಬದಲಿಸೋದಿದೆ. ಹಳೆಯದನ್ನು ಗರಗಸದಿಂದ ಸೀಳಿ, ಒಳಗಿನ ಸುರುಳಿ ಬಿಚ್ಚಿ ಹಾಳೆ ಹಾಳೆಯಾಗಿ ಅವಳಿಗೆ ಕೊಟ್ಟು ಬರುತ್ತೇನೆ. ಅವರ ಗುರುಗಳನ್ನು ಕೇಳಿದ್ದೇನೆ, ಶನಿವಾರ ಬರ್ರಿ ಅಂದಿದ್ದಾರೆ.