ಸ್ಪಿಂಕ್ಸ್ ಗೆಲುವನ್ನು ಸ್ಫೂರ್ತಿಯ ಕಥೆ ಮಾಡಬೇಡಿ

ಹಾಸನದ ನಮ್ಮ ಹುಡುಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಂದೇಶ ಆಗಾಗ ಸುತ್ತುತ್ತಿರುತ್ತದೆ. ‘ಬರೀ ಏಳು ಪಂದ್ಯ ಆಡಿದ್ದ ಹುಡುಗ ಮಹಮ್ಮದ್ ಅಲಿಯನ್ನೇ ಸೋಲಿಸಿದ. ನೀನು ಯಾರಿಗೆ ಹೆದರುತ್ತೀಯ?’ ಜೊತೆಗೆ ಮುಂದಿನ ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿರುವ ಅಮೆರಿಕದ ಬಾಕ್ಸರ್ ಲಿಯಾನ್ ಸ್ಪಿಂಕ್ಸ್ ಚಿತ್ರ. ಜಿಲ್ಲಾ ಕ್ರೀಡಾಂಗಣದ ಸುತ್ತ ಬೆಳಗಿನ ಜಾವ ಓಡುವ ಹುಡುಗರು ಇದನ್ನು ಸ್ಟೇಟಸ್ ಹಾಕಿಕೊಳ್ಳುತ್ತಾರೆ. ಅವರ ಹುಮ್ಮಸ್ಸು ನನಗೆ ಇಷ್ಟ. ಆದರೆ ಈ ಕಥೆಯ ಹಿಂದುಮುಂದನ್ನು ಅವರಿಗೆ ಯಾರೂ ಹೇಳುತ್ತಿಲ್ಲ. ಅದಕ್ಕಾಗಿ ಈ ಬರಹ.

ಸ್ಪಿಂಕ್ಸ್‌ನನ್ನು ಅಲಿಯ ಎದುರು ನಿಲ್ಲಿಸಿದ್ದು ಅವನ ಯೋಗ್ಯತೆ ನೋಡಿ ಅಲ್ಲ. 1977ರ ಸೆಪ್ಟೆಂಬರ್‌ನಲ್ಲಿ, ಆಗ ಹೆವಿವೇಟ್ (ಅತಿ ಭಾರದ ವರ್ಗದ) ವಿಶ್ವ ಚಾಂಪಿಯನ್ ಆಗಿದ್ದ ಅಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅರ್ನಿ ಶೇವರ್ಸ್ ಎದುರು 15 ಸುತ್ತು ಆಡಿ ಗೆದ್ದರು. ಶೇವರ್ಸ್ ಎಂದರೆ ಆ ಕಾಲದ ಅತಿ ಭಾರಿ ಹೊಡೆತಗಾರ. ಪಂದ್ಯದ ನಂತರದ ವೈದ್ಯಕೀಯ ವರದಿಯಲ್ಲಿ ಅಲಿಯ ಮೂತ್ರಪಿಂಡಗಳಿಗೆ ಹಾನಿಯಾಗಿರುವುದು ಕಂಡಿತು. ಅಲಿಯ ವೈದ್ಯ ಫರ್ಡಿ ಪಚೆಕೊ ಆ ವರದಿಯನ್ನು ಅಲಿಗೂ ಅವರ ಹತ್ತಿರದವರಿಗೂ ಕಳುಹಿಸಿದರು. ಯಾರೂ ಉತ್ತರಿಸಲಿಲ್ಲ. ಪಚೆಕೊ ತಂಡವನ್ನೇ ಬಿಟ್ಟು ಹೊರಟರು. ಗಾರ್ಡನ್‌ನಲ್ಲಿ ಪಂದ್ಯಗಳಿಗೆ ಜೋಡಿ ಕಟ್ಟುತ್ತಿದ್ದ ಟೆಡ್ಡಿ ಬ್ರೆನರ್, ಇನ್ನು ಮುಂದೆ ಅಲಿಗೆ ಇಲ್ಲಿ ಪಂದ್ಯ ಕೊಡುವುದಿಲ್ಲ ಎಂದು ಬಹಿರಂಗವಾಗಿಯೇ ಹೇಳಿದರು.

ಬ್ರೆನರ್ ಮಾತು ಓದಿದಾಗಲೆಲ್ಲ ನನಗೆ ನಮ್ಮ ಚಿಕ್ಕಪ್ಪನ ನೆನಪಾಗುತ್ತದೆ. ಅವರು ಊರ ಜಾತ್ರೆಗಳಲ್ಲಿ ನಾಡಕುಸ್ತಿಗೆ ಜೋಡಿ ಕಟ್ಟುತ್ತಿದ್ದರು. ಮೊದಲು ತೂಕ, ಆಮೇಲೆ ವಯಸ್ಸು, ಆಮೇಲೆ ಯಾವ ಗರಡಿ, ಯಾರ ಶಿಷ್ಯ, ಹಿಂದೆ ಯಾರೊಂದಿಗೆ ಎಷ್ಟು ಹೊತ್ತು ಹಿಡಿದಿದ್ದಾನೆ ಎಂದೆಲ್ಲ ಕೇಳುತ್ತಿದ್ದರು. ಹೆಸರಾಂತ ಪೈಲ್ವಾನನ ಎದುರು ತಾನೇ ನಿಲ್ಲುತ್ತೇನೆಂದು ಹಟ ಹಿಡಿದ ಹುಡುಗನಿಗೆ, ‘ನಿನ್ನ ಉಸ್ತಾದರನ್ನು ಕರೆದುಕೊಂಡು ಬಾ, ಅವರು ಒಪ್ಪಲಿ’ ಎನ್ನುತ್ತಿದ್ದರು. ವಯಸ್ಸಾದ ಪೈಲ್ವಾನರಿಗೂ ಅಷ್ಟೇ ನಿಷ್ಠುರ. ಸುಲಭದ ಹುಡುಗನನ್ನು ಹುಡುಕಿಕೊಡಿ ಎಂದು ಯಾರಾದರೂ ಬಂದರೆ ಜೋಡಿಯೇ ಸಿಗಲಿಲ್ಲ ಎಂದು ಹಿಂದಕ್ಕೆ ಕಳುಹಿಸುತ್ತಿದ್ದರು. ಆ ವರ್ಷ ಅವರಿಗೆ ಕುಸ್ತಿ ಇರುತ್ತಿರಲಿಲ್ಲ, ಅಷ್ಟೇ.

ಅಲಿಗೆ ಹಾಗೆ ಹೇಳುವವರು ಹೊರಟುಹೋಗಿದ್ದರು. ಉಳಿದವರಿಗೆ ಬೇಕಾಗಿದ್ದದ್ದು ಹೆಸರಿರುವ, ಆದರೆ ಪಳಗಿರದ ಎದುರಾಳಿ. ಸ್ಪಿಂಕ್ಸ್ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಲೈಟ್ ಹೆವಿವೇಟ್ ಚಿನ್ನ ಗೆದ್ದಿದ್ದ, ಹಾಗಾಗಿ ಟಿವಿಯವರಿಗೂ ಒಪ್ಪಿಗೆ. ಏಳು ವೃತ್ತಿಪರ ಪಂದ್ಯಗಳಲ್ಲಿ ಆರು ಗೆಲುವು, ಒಂದು ಡ್ರಾ. ಹತ್ತು ಸುತ್ತಿನಾಚೆಗೆ ಒಮ್ಮೆಯೂ ಹೋದವನಲ್ಲ. ಅತ್ತ ಕೆನ್ ನಾರ್ಟನ್ ಪ್ರಶಸ್ತಿ ಪಂದ್ಯಕ್ಕೆ ಹಕ್ಕು ಸಂಪಾದಿಸಿ ಕಾಯುತ್ತಿದ್ದ. ಅಲಿಯ ದವಡೆ ಮುರಿದಿದ್ದವನು, ಅಲಿಯೊಂದಿಗೆ ಮೂರು ಸಲ ಸಮಸಮವಾಗಿ ಸೆಣಸಿದ್ದವನು. ಅವನನ್ನು ದಾಟಿ ಹುಡುಗನನ್ನು ಕರೆತಂದರು.

1978ರ ಫೆಬ್ರವರಿ 15, ಲಾಸ್ ವೇಗಸ್. 36 ವರ್ಷದ ಅಲಿ ಮೊದಲ ಸುತ್ತುಗಳಲ್ಲಿ ಹಗ್ಗಕ್ಕೆ ಒರಗಿ, ಹುಡುಗ ತಾನಾಗಿ ಸುಸ್ತಾಗಲಿ ಎಂದು ಕಾದರು. ಹುಡುಗ ಸುಸ್ತಾಗಲಿಲ್ಲ. ಹದಿನೈದನೆಯ ಸುತ್ತಿನ ಕೊನೆಯವರೆಗೂ ಹೊಡೆಯುತ್ತಲೇ ಇದ್ದ. ಮೂವರು ತೀರ್ಪುಗಾರರಲ್ಲಿ ಇಬ್ಬರು ಅವನಿಗೆ ಕೊಟ್ಟರು. ಅವನ ಎದೆಗಾರಿಕೆಯ ಬಗ್ಗೆ ನನಗೆ ಅಪಾರ ಗೌರವವಿದೆ. ವಾಟ್ಸ್‌ಆ್ಯಪ್ ಕಥೆ ಇಲ್ಲಿಗೆ ನಿಲ್ಲುತ್ತದೆ.

ಮುಂದಿನದು ಕೇಳಿ. ನಾರ್ಟನ್‌ನನ್ನು ಬಿಟ್ಟು ಅಲಿಯೊಂದಿಗೇ ಮರುಪಂದ್ಯಕ್ಕೆ ಒಪ್ಪಿದ್ದರಿಂದ, ವಿಶ್ವ ಪಟ್ಟ ಕೊಡುವ ಸಂಸ್ಥೆಗಳಲ್ಲೊಂದಾದ ಡಬ್ಲ್ಯುಬಿಸಿ ತನ್ನ ಪಟ್ಟವನ್ನು ಕೆಲವೇ ವಾರಗಳಲ್ಲಿ ಸ್ಪಿಂಕ್ಸ್‌ನಿಂದ ಕಿತ್ತುಕೊಂಡಿತು. ಉಳಿದ, ಇನ್ನೊಂದು ಸಂಸ್ಥೆಯಾದ ಡಬ್ಲ್ಯುಬಿಎಯ ಪಟ್ಟವನ್ನು ಸೆಪ್ಟೆಂಬರ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಅಲಿ ವಾಪಸು ಪಡೆದರು. ಮರುವರ್ಷ ಗೆರಿ ಕೋಟ್ಜಿ ಮೊದಲ ಸುತ್ತಿನಲ್ಲೇ ಸ್ಪಿಂಕ್ಸ್‌ನನ್ನು ಮುಗಿಸಿದ. 1981ರಲ್ಲಿ ಲ್ಯಾರಿ ಹೋಮ್ಸ್ ಮೂರನೆಯ ಸುತ್ತಿನಲ್ಲಿ. ಪಳಗಬೇಕಾದ ವರ್ಷಗಳಲ್ಲಿ ಚಾಂಪಿಯನ್ ಎಂಬ ಹಣೆಪಟ್ಟಿ ಹೊತ್ತು ತಿರುಗಿದವನು, ಕೊನೆಗೆ 17 ಸೋಲುಗಳೊಂದಿಗೆ ಆಟ ಬಿಟ್ಟ. ಇಳಿವಯಸ್ಸಿನಲ್ಲಿ ಅವನ ಮೆದುಳು ಕುಗ್ಗಿದೆ ಎಂದು ವೈದ್ಯರು ಗುರುತಿಸಿದರು. 2021ರಲ್ಲಿ ತೀರಿಕೊಂಡ. ಅಲಿಯಾದರೂ ಸುಖವಾಗಿ ಉಳಿದರೇ? 38ರ ವಯಸ್ಸಿನಲ್ಲಿ ಮತ್ತೆ ರಿಂಗಿಗೆ ಬಂದು, ಅದೇ ಹೋಮ್ಸ್ ಕೈಯಲ್ಲಿ ಹತ್ತು ಸುತ್ತು ಹೊಡೆತ ತಿಂದರು. 1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಗೊತ್ತಾಯಿತು.

ಇಂಥ ಜೋಡಿಯಲ್ಲಿ ಯಾರು ಗೆದ್ದರೂ ಹಾನಿ ತಪ್ಪುವುದಿಲ್ಲ ಎಂಬುದು ನನ್ನ ವಾದ. ವಯಸ್ಸಾದ ಚಾಂಪಿಯನ್‌ಗೆ ಮೊದಲು ಕೈಕೊಡುವುದು ಕಾಲು, ಆಮೇಲೆ ಕಣ್ಣಿನ ಚುರುಕು. ಹೊಡೆತ ಬರುವುದು ಕಂಡರೂ ಮೈ ಸರಿಯುವುದಿಲ್ಲ. ಹೊಸಬನಿಗೆ ಹೊಡೆಯುವುದು ಗೊತ್ತು, ಹೊಡೆತ ತಪ್ಪಿಸಿಕೊಳ್ಳುವುದು, ಏಟು ತಿಂದಾಗ ಎದುರಾಳಿಯನ್ನು ಹಿಡಿದು ಉಸಿರು ತೆಗೆದುಕೊಳ್ಳುವುದು ಗೊತ್ತಿಲ್ಲ. ಅದು ಕಲಿಯುವುದು ಎಂಟನೆಯ, ಹತ್ತನೆಯ ಸುತ್ತುಗಳಲ್ಲೇ. ಒಲಿಂಪಿಕ್ಸ್ ಬಾಕ್ಸಿಂಗ್ ಮೂರು ಸುತ್ತಿನದು. ಅದರ ಚಿನ್ನ ಈ ಪಾಠ ಕಲಿಸುವುದಿಲ್ಲ.

ಚಾಂಪಿಯನ್ ಕೈಯಲ್ಲಿ ಇನ್ನೂ ಕಸುವಿದ್ದರೆ ಏನಾಗುತ್ತದೆ ಎಂಬುದಕ್ಕೆ 1983ರ ನವೆಂಬರ್ ಸಾಕು. ಜೋ ಫ್ರೇಜಿಯರ್ ಮಗ ಮಾರ್ವಿಸ್‌ಗೆ 23 ವರ್ಷ, ಆಡಿದ್ದು ಹತ್ತೇ ಪಂದ್ಯ. ಆಗ ಚಾಂಪಿಯನ್ ಆಗಿದ್ದ 34ರ ಹೋಮ್ಸ್ ಎದುರು ಅವನನ್ನು ನಿಲ್ಲಿಸಿದರು. ಇದನ್ನು ಪ್ರಶಸ್ತಿ ಪಂದ್ಯವೆಂದು ಒಪ್ಪಲು ಡಬ್ಲ್ಯುಬಿಸಿಯೇ ನಿರಾಕರಿಸಿತ್ತು. ಮೊದಲ ಸುತ್ತಿನಲ್ಲೇ ಹುಡುಗ ಬಿದ್ದ, ಎದ್ದ, ಮೂಲೆಗೆ ಸಿಕ್ಕಿಕೊಂಡ. ಹೊಡೆಯುತ್ತಿದ್ದ ಹೋಮ್ಸ್‌ಗೇ ತಡೆಯಲಾಗದೆ, ನಿಲ್ಲಿಸಿ ಎಂದು ರೆಫರಿಗೆ ಕೈಸನ್ನೆ ಮಾಡಿದರು. ಸುತ್ತು ಮುಗಿಯಲು ಮೂರು ಸೆಕೆಂಡ್ ಇರುವಾಗ ಪಂದ್ಯ ನಿಂತಿತು. ಮಗನ ಪಾಳೆಯದಲ್ಲಿ ತರಬೇತುದಾರನಾಗಿ ನಿಂತಿದ್ದವರು ಜೋ ಫ್ರೇಜಿಯರ್. ಅಲಿಯೊಂದಿಗೆ ಮೂರು ಸಲ ಕಾದಾಡಿದ್ದ ಮಹಾನ್ ಬಾಕ್ಸರ್‌ಗೇ ತನ್ನ ಮಗನಿಗೆ ಸರಿಯಾದ ಜೋಡಿ ಯಾವುದೆಂದು ತಿಳಿಯಲಿಲ್ಲ. ಆ ದೃಶ್ಯವನ್ನು ನಾನು ಪೂರ್ತಿ ನೋಡಲಾರೆ.

ಮಾಜಿ ಚಾಂಪಿಯನ್ ಜಾರ್ಜ್ ಫೋರ್‌ಮನ್ 45ರ ವಯಸ್ಸಿನಲ್ಲಿ ಮತ್ತೆ ಪಟ್ಟ ಗೆಲ್ಲಲಿಲ್ಲವೇ ಎಂದು ನೀವು ಕೇಳಬಹುದು. ಗೆದ್ದರು, 1994ರಲ್ಲಿ, ಆದರೆ ಚಾಂಪಿಯನ್ ಆಗಿದ್ದ, 35 ಪಂದ್ಯಗಳಲ್ಲಿ ಸೋಲರಿಯದ ಮೈಕಲ್ ಮೂರರ್ ವಿರುದ್ಧ. ಅದು ಸರಿಯಾದ ಜೋಡಿ. ಮರುವರ್ಷ ಅವರೂ ಪಟ್ಟದ ಪಂದ್ಯಕ್ಕೆ ಹಕ್ಕಿದ್ದ ಟೋನಿ ಟಕರ್‌ನನ್ನು ಬಿಟ್ಟು, ಅಷ್ಟೇನೂ ಹೆಸರಿಲ್ಲದ ಆಕ್ಸೆಲ್ ಶುಲ್ಜ್‌ನನ್ನು ಆರಿಸಿಕೊಂಡು ಡಬ್ಲ್ಯುಬಿಎ ಪಟ್ಟ ಕಳೆದುಕೊಂಡರು. ಇನ್ನು, ಒದೆ, ಹಿಡಿತಗಳೂ ಇರುವ ಮಿಶ್ರ ಸಮರಕಲೆಯಿಂದ (ಎಂಎಂಎ) ಬಾಕ್ಸಿಂಗ್‌ಗೆ ಬಂದ ಫ್ರಾನ್ಸಿಸ್ ಎನ್‌ಗಾನು. 2023ರ ಅಕ್ಟೋಬರ್‌ನಲ್ಲಿ ತನ್ನ ಮೊದಲ ಬಾಕ್ಸಿಂಗ್ ಪಂದ್ಯದಲ್ಲೇ ಚಾಂಪಿಯನ್ ಟೈಸನ್ ಫ್ಯೂರಿಯನ್ನು ನೆಲಕ್ಕೆ ಬೀಳಿಸಿದ. ಪಟ್ಟ ಪಣಕ್ಕಿರಲಿಲ್ಲ, ತೀರ್ಪು ಫ್ಯೂರಿಗೆ ಹೋಯಿತು. ಹೊಸಬರಿಗೂ ಸಾಧ್ಯವೆಂದು ಎಲ್ಲರೂ ಕುಣಿದರು. ಐದು ತಿಂಗಳು ತುಂಬುವ ಮೊದಲೇ ಮಾಜಿ ಚಾಂಪಿಯನ್ ಆಂಟನಿ ಜೋಶುವಾ ಎರಡನೆಯ ಸುತ್ತಿನಲ್ಲಿ ಅವನನ್ನು ಎಚ್ಚರ ತಪ್ಪುವಂತೆ ಕೆಡವಿದ. ಆ ವಿಡಿಯೊವನ್ನು ನಮ್ಮ ಗುಂಪಿನಲ್ಲಿ ಯಾರೂ ಹಂಚಲಿಲ್ಲ.

ಹೊಸಬರಿಗೆ ಅವಕಾಶ ಬೇಡವೆಂದು ನಾನು ಖಂಡಿತ ಹೇಳುವುದಿಲ್ಲ. ಪಂದ್ಯಗಳನ್ನಲ್ಲ, ಸುತ್ತುಗಳನ್ನು ಎಣಿಸಿ ಎನ್ನುತ್ತೇನೆ. ಹೆವಿವೇಟ್ ಪಟ್ಟಕ್ಕೆ ನಿಲ್ಲುವವನು ಅದಕ್ಕೆ ಮುಂಚೆ ಎರಡು ಸಲವಾದರೂ ಹತ್ತು, ಹನ್ನೆರಡು ಸುತ್ತಿನ ದೀರ್ಘ ಪಂದ್ಯ ಪೂರ್ತಿ ಆಡಿರಲಿ. 35 ದಾಟಿದ ಚಾಂಪಿಯನ್‌ಗೆ ಪ್ರತಿ ಪಂದ್ಯಕ್ಕೂ ಮುನ್ನ ಮೆದುಳಿನ ಸ್ಕ್ಯಾನ್ ಆಗಲಿ, ಅದನ್ನು ನೋಡುವ ವೈದ್ಯರಿಗೆ ಅವನ ತಂಡದಿಂದ ಸಂಬಳ ಬರದಿರಲಿ. ಎದುರಾಳಿಯನ್ನು ಆರಿಸುವ ಅಧಿಕಾರ ಚಾಂಪಿಯನ್ ಕಡೆಯವರಿಂದ ಪೂರ್ತಿಯಾಗಿ ಹೋಗಲಿ.

ಹಾಸನ, ಚಿಕ್ಕಮಗಳೂರು ಕಡೆಯ ಗರಡಿಗಳಲ್ಲಿ ಜೋಡಿ ಕಟ್ಟಿದ ಹಿರಿಯರು ಇದನ್ನು ಓದುತ್ತಿದ್ದರೆ ದಯವಿಟ್ಟು ಬರೆಯಿರಿ. ಹಟ ಹಿಡಿದ ಹುಡುಗನಿಗೆ ನೀವು ಏನು ಹೇಳುತ್ತಿದ್ದಿರಿ, ಬಿಡಲೊಲ್ಲದ ಹಳೆಯ ಪೈಲ್ವಾನನಿಗೆ ಏನು ಹೇಳುತ್ತಿದ್ದಿರಿ? ಅದನ್ನು ನಮ್ಮ ಗುಂಪಿನ ಹುಡುಗರಿಗೆ ಕಳುಹಿಸುತ್ತೇನೆ.